20 ಸ್ಕೆಚ್‌ಗಳಲ್ಲಿ ಯಾವ 6 ಉಳಿಸಬೇಕು?

ಹಳೆ ಇಳಕಲ್ ಸೀರೆ, ಗುಳೇದಗುಡ್ಡ ಖಣ (ರವಿಕೆ ಬಟ್ಟೆ) ಇಟ್ಟುಕೊಂಡು ಹೊಸ ಉಡುಪುಗಳ 20 ಸ್ಕೆಚ್ ಮಾಡಿದ್ದೀರಿ, ಸ್ಪರ್ಧೆಗೆ 6 ಮಾತ್ರ ಕಳಿಸಬೇಕು, ಯಾವುದನ್ನು ಬಿಡಲಿ ಅಂತ ಕೇಳಿದ್ದೀರಿ ಅಲ್ವಾ? ಸ್ಕೆಚ್ ಚಂದ ಇದೆ ಅಂತ ಉಳಿಸಿಕೊಳ್ಳಬೇಡಿ. ಮೊದಲು ಬಟ್ಟೆ ನೋಡಿ. ಖಣದ ಅಗಲ ಕಡಿಮೆ. ದೊಡ್ಡ ಘೇರಿನ ಉಡುಪಿಗೆ ಹೋದರೆ ಜೋಡಣೆಯೂ ಜಾಸ್ತಿ, ಚೂರೂ ಜಾಸ್ತಿ. ಪ್ರತಿ ಸ್ಕೆಚ್ ಪಕ್ಕದಲ್ಲಿ ಬಟ್ಟೆಯ ನಿಜವಾದ ಅಗಲ ಬರೆದು, ಅದರೊಳಗೆ ಪ್ಯಾಟರ್ನ್ ತುಂಡುಗಳನ್ನು (ಉಡುಪಿಗೆ ಕತ್ತರಿಸಬೇಕಾದ ಭಾಗಗಳನ್ನು) ಅಳತೆಗೆ ತಕ್ಕಂತೆ ಕೂರಿಸಿ. ತುಂಬಾ ಜಾಗ ಖಾಲಿ ಉಳಿದರೆ ಅದರಿಂದಲೇ ಜೇಬು, ಕಾಲರ್, ಪೈಪಿಂಗ್ ಮಾಡಿ. ಆಗದಿದ್ದರೆ ಆ ಸ್ಕೆಚ್ ಬಿಡಿ. ಇಷ್ಟರಲ್ಲೇ ಅರ್ಧ ಹೋಗುತ್ತವೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲಿಗೆ) ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಸೇರಿಸಿರುತ್ತಾರೆ. ದಯವಿಟ್ಟು ಆ ಜಾಗವನ್ನು ಹೊಲಿಗೆಯೊಳಗೆ ಮುಚ್ಚಬೇಡಿ. ಅದು ಬೆನ್ನಿನ ಮೇಲೋ ತೋಳಿನ ಮೇಲೋ ಕಾಣುವ ಸ್ಕೆಚ್ ಖಂಡಿತ ಇರಲಿ. ನೇಕಾರರ ಕೈಕೆಲಸ ಅಲ್ಲೇ ಇದೆ.

ಒಂದೇ ಐಡಿಯಾ ಎರಡು ಕಡೆ ಬಂದಿದ್ದರೆ ಒಂದನ್ನು ತೆಗೆಯಿರಿ. ಹಳೆ ಸೀರೆ ಮಡಿಕೆಯ ಗೆರೆಯಲ್ಲಿ ಬೇಗ ಹರಿಯುತ್ತದೆ. ಹಾಗಾಗಿ ಕೊನೆಯ ಪಟ್ಟಿ ಮಾಡುವ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು, ಸವೆದ ಜಾಗಗಳನ್ನು ಗುರುತು ಹಾಕಿಕೊಳ್ಳಿ.