ಅಮ್ಮನಿಗೆ ಇಮಾಟಿನಿಬ್ ಮಾತ್ರೆ ಶುರುವಾಗಿದೆ, ಏನೇನು ಜಾಗ್ರತೆ ಮಾಡಬೇಕು?

ನಿಮ್ಮ ತಾಯಿಗೆ 58 ವರ್ಷ, ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್, ಇಮಾಟಿನಿಬ್ 400 ಮಿ.ಗ್ರಾಂ ದಿನಕ್ಕೊಂದು ಬರೆದುಕೊಟ್ಟಿದ್ದಾರೆ. ಮಾತ್ರೆ ತುಂಬಾ ಉಷ್ಣವಂತೆ, ಏಕಾದಶಿ ದಿನ ಬಿಡಬಹುದಾ, ಜೊತೆಗೆ ಕಷಾಯ ಕೊಡಬಹುದಾ ಅಂತ ಕೇಳಿದ್ದೀರಿ. ನಾನು ಕ್ಯಾನ್ಸರ್ ವಿಭಾಗ ಇರುವ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಡಾಕ್ಟರ ಮುಂದೆ ಕೇಳೋಕೆ ಹಿಂಜರಿದು, ಆಮೇಲೆ ನಮ್ಮ ಕೌಂಟರಿನಲ್ಲಿ ಮೆಲ್ಲಗೆ ಕೇಳುವ ಪ್ರಶ್ನೆಗಳೂ ಇವೇ.

ಮೊದಲು ಒಂದು ಮಾತು. ಈ ಮಾತ್ರೆಯ ಅಡ್ಡಪರಿಣಾಮಕ್ಕಿಂತ ನನಗೆ ಜಾಸ್ತಿ ಹೆದರಿಕೆ ಇರುವುದು, ಯಾರಿಗೂ ಹೇಳದೆ ಅದನ್ನು ನಿಲ್ಲಿಸುವುದರ ಬಗ್ಗೆ. ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲು ಬದಲಾಗಿ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ. ಬಿಳಿ ರಕ್ತಕಣಗಳು ಹದ್ದುಮೀರಿ ಹೆಚ್ಚುವುದು ಅದರಿಂದಲೇ. ಇಮಾಟಿನಿಬ್ ಆ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ತಡೆಯುತ್ತದೆ. ಆದರೆ ಸುಮಾರು 18 ಗಂಟೆಯಲ್ಲಿ ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯುತ್ತದೆ. ದಿನಾ ತಗೊಳ್ಳಬೇಕು ಅನ್ನುವುದು ಅದಕ್ಕೇ.

ಶುರು ಮಾಡಿದ ಒಂದೆರಡು ತಿಂಗಳಲ್ಲಿ ಸಾಮಾನ್ಯವಾಗಿ ರಕ್ತಕಣಗಳ ಕೌಂಟ್ ಸರಿಹೋಗುತ್ತದೆ. ಸುಸ್ತು ಕಡಿಮೆಯಾಗುತ್ತದೆ, ಊಟ ಸೇರುತ್ತದೆ. ಆಗಲೇ ಮನೆಯವರು 'ವಾಸಿಯಾಯ್ತಲ್ಲ, ಇನ್ನು ಯಾಕೆ' ಅನ್ನುವುದು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಚಿಪ್ ಇಟ್ಟು, ಯಾರು ಎಷ್ಟು ಸಲ ತೆರೆದರು ಅಂತ ನೋಡಿ 2010ರಲ್ಲಿ ಪ್ರಕಟಿಸಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಾತ್ರೆ ತಗೊಂಡವರಲ್ಲಿ ಸುಮಾರು 94% ಮಂದಿಗೆ ಕಾಯಿಲೆ ಬಹಳ ಕೆಳಮಟ್ಟಕ್ಕೆ ಇಳಿಯಿತು. ಅದಕ್ಕಿಂತ ಕಡಿಮೆ ತಗೊಂಡವರಲ್ಲಿ ಸುಮಾರು 28% ಮಾತ್ರ. ಅಂದರೆ ತಿಂಗಳಿಗೆ ಮೂರು ನಾಲ್ಕು ಮಾತ್ರೆ ತಪ್ಪಿದರೂ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ಏಕಾದಶಿಗೂ ಬಿಡುವಂತಿಲ್ಲ. ಉಪವಾಸ ಬಿಡಿ ಅಂತ ನಾನು ಹೇಳುತ್ತಿಲ್ಲ. ಇಮಾಟಿನಿಬ್ ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಕರಿಕೆ ಬರುತ್ತದೆ, ಹೊಟ್ಟೆ ಉರಿಯುತ್ತದೆ. ಅದಕ್ಕೇ ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು. ಏಕಾದಶಿ ದಿನ ಅವಲಕ್ಕಿಯೋ ಹಣ್ಣು ಹಾಲೋ ಹೊಟ್ಟೆ ತುಂಬ ತಗೊಳ್ಳುವ ಹೊತ್ತಿಗೆ ಮಾತ್ರೆಯನ್ನೂ ಕೊಡಿ. ನೀರೂ ಮುಟ್ಟದ ಉಪವಾಸವಾದರೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ನುಂಗಿದ ಕೂಡಲೇ ಮಲಗುವುದು ಬೇಡ.

ಒಂದು ದಿನ ಮರೆತರೆ, ಅದೇ ದಿನ ನೆನಪಾದಾಗ ತಗೊಳ್ಳಲಿ. ಮಾರನೇ ದಿನ ಎರಡು ಸೇರಿಸಿ ಕೊಡಬೇಡಿ. ವಾಂತಿಯಾಯಿತು ಅಂತ ನೀವಾಗಿಯೇ ಇನ್ನೊಂದು ಕೊಡಬೇಡಿ. ನುಂಗಲು ಕಷ್ಟವಾದರೆ 400ರ ಮಾತ್ರೆಯನ್ನು 200 ಮಿ.ಲೀ ನೀರಿನಲ್ಲಿ ಹಾಕಿ, ಚಮಚದಲ್ಲಿ ಕಲಕಿ, ಕರಗಿದ ತಕ್ಷಣ ಕುಡಿಸಬಹುದು. ಕುಟ್ಟಿ ಪುಡಿ ಮಾಡುವುದು ಬೇಡ. ಮನೆಯಲ್ಲಿ ಬಸುರಿಯರಿದ್ದರೆ ಈ ಕೆಲಸ ಬೇರೆಯವರು ಮಾಡಲಿ.

ಇನ್ನು 'ಉಷ್ಣ'ದ ಮಾತು. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಭೇದಿ, ಮೈಮೇಲೆ ಗುಳ್ಳೆ ಇವೆಲ್ಲ ಈ ಮಾತ್ರೆಯಿಂದ ಬರುತ್ತವೆ. ಎಷ್ಟೋ ಜನರ ಮೈಬಣ್ಣವೂ ತಿಳಿಯಾಗುತ್ತದೆ. ನೆಂಟರು ನೋಡಿ ಗಾಬರಿಯಾಗುತ್ತಾರೆ, ಪಾಪ. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರ ಇದೆ, ಮುಂದಿನ ಭೇಟಿಯಲ್ಲಿ ಮುಚ್ಚಿಡದೆ ಹೇಳಿ. ಆದರೆ ಕೆಲವಕ್ಕೆ ಅಷ್ಟು ದಿನ ಕಾಯಬೇಡಿ: ಜ್ವರ, ಉಸಿರಾಟದ ತೊಂದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಮಲ ಕಪ್ಪಾಗುವುದು, ಕಣ್ಣು ಹಳದಿಯಾಗುವುದು. ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ದಿಢೀರನೆ ತೂಕ ಏರಿದರೆ ಅದು ಮೈಯಲ್ಲಿ ನೀರು ತುಂಬುತ್ತಿರುವುದೇ ಇರಬಹುದು. ಕೌಂಟ್ ತೀರಾ ಇಳಿದಾಗ ಡಾಕ್ಟರೇ ಕೆಲವು ದಿನ ಮಾತ್ರೆ ನಿಲ್ಲಿಸಿ ಮತ್ತೆ ಶುರು ಮಾಡಿಸುತ್ತಾರೆ. ಅದು ಅವರು ರಿಪೋರ್ಟ್ ನೋಡಿ ಮಾಡುವ ತೀರ್ಮಾನ.

ಬೇರೆ ಔಷಧಗಳ ವಿಷಯವನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಇಮಾಟಿನಿಬ್ ಮುಖ್ಯವಾಗಿ ಲಿವರಿನಲ್ಲಿ ಸಿವೈಪಿ3ಎ4 ಎಂಬ ಕಿಣ್ವದಿಂದ ಕರಗುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೈನ್ ಇವು ಆ ಕಿಣ್ವವನ್ನು ಚುರುಕು ಮಾಡುತ್ತವೆ. ಆಗ ಮಾತ್ರೆ ನುಂಗಿದರೂ ಸಾಕಷ್ಟು ಔಷಧ ರಕ್ತದಲ್ಲಿ ಉಳಿಯುವುದಿಲ್ಲ. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಇಟ್ರಾಕೊನಜೋಲ್ ಇದಕ್ಕೆ ತದ್ವಿರುದ್ಧ, ಔಷಧ ಮೈಯಲ್ಲಿ ಜಾಸ್ತಿಯಾಗುತ್ತದೆ. ಹುಳುಕಡ್ಡಿ ಅಂತ ಮೆಡಿಕಲ್ ಶಾಪಿಗೆ ಹೋದರೆ ಸುಮ್ನೆ ಕೊಟ್ಟುಬಿಡುವುದು ಈ ಇಟ್ರಾಕೊನಜೋಲನ್ನೇ, ಅಲ್ವಾ? ಇಮಾಟಿನಿಬ್ ಸ್ಟ್ರಿಪ್ಪಿನ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಹಲ್ಲಿನ ಡಾಕ್ಟರಿರಲಿ, ಚರ್ಮದ ಡಾಕ್ಟರಿರಲಿ, ಮೊದಲು ಅದನ್ನು ತೋರಿಸಿ. ಗ್ರೇಪ್‌ಫ್ರೂಟ್ ಬೇಡ ಅಂತ ಚೀಟಿಯಲ್ಲಿ ಬರೆದಿರುತ್ತದೆ, ನಮ್ಮೂರುಗಳಲ್ಲಿ ಅದು ಯಾರ ಮನೆಗೂ ಬರುವುದಿಲ್ಲ. ಆದರೆ ದೇವನಹಳ್ಳಿಯ ಚಕ್ಕೋತ ಅದರ ಹತ್ತಿರದ ಬಳಗ. ಅದನ್ನೂ ಬಿಡುವುದು ಒಳ್ಳೆಯದು.

ಕಷಾಯದ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಶುಂಠಿ, ಜೀರಿಗೆಯ ಅಡುಗೆಮನೆ ಕಷಾಯ ಮಿತವಾಗಿ ಕುಡಿದರೆ ಪರವಾಗಿಲ್ಲ. ಅಮೃತಬಳ್ಳಿ, ಭಸ್ಮ, ಹೆಸರಿಲ್ಲದ ಪುಡಿಗಳು ಬೇಡ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟವರ ಬಗ್ಗೆ ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ. ಇಮಾಟಿನಿಬ್ ಕೂಡ ಲಿವರಿಗೆ ಭಾರವೇ. ಎರಡೂ ಸೇರಿದಾಗ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಏರಿದರೆ ತಪ್ಪು ಯಾವುದರದ್ದು ಅಂತ ಗೊತ್ತಾಗುವುದಿಲ್ಲ, ಕೊನೆಗೆ ಬೇಕಾದ ಮಾತ್ರೆಯನ್ನೇ ನಿಲ್ಲಿಸಬೇಕಾಗುತ್ತದೆ.

ಇನ್ನೊಂದು, ನೀವು ಕೇಳಿಲ್ಲ, ಆದರೆ ನಾನು ಆಗಾಗ ನೋಡುತ್ತೇನೆ. ನಮ್ಮ ದೇಶದಲ್ಲಿ ಇಮಾಟಿನಿಬ್ಬನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ. ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಕಡಿಮೆ ಬೆಲೆಯ ಈ ಮಾತ್ರೆಗಳು ಉಳಿದವು, ಬಡವರಿಗೂ ಸಿಗುತ್ತಿವೆ. ಆದರೆ ಸ್ಟ್ರಿಪ್ಪಿನ ಬಣ್ಣ, ಹೆಸರು ಬದಲಾದಾಗ ಇದು ಬೇರೆ ಔಷಧ ಅಂದುಕೊಂಡು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗಿದವರಿದ್ದಾರೆ. 400ರ ಬದಲು 100ರ ಸ್ಟ್ರಿಪ್ ಸಿಕ್ಕಿ, ದಿನಕ್ಕೊಂದರಂತೆ ತಗೊಂಡವರೂ ಇದ್ದಾರೆ. ಪ್ರತಿ ಸಲ ಕೊಂಡಾಗ 'ಇಮಾಟಿನಿಬ್' ಎಂಬ ಹೆಸರು, ಪಕ್ಕದ ಅಂಕಿ ಎರಡನ್ನೂ ಓದಿ. ಸ್ಟ್ರಿಪ್ಪನ್ನು ಕತ್ತರಿಸಿ ಡಬ್ಬಿಗೆ ತುಂಬಬೇಡಿ. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನ ತಿಂಗಳದ್ದು ತನ್ನಿ.

ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಪಿಸಿಆರ್ ಎಂಬ ರಕ್ತಪರೀಕ್ಷೆ ಬರೆಯುತ್ತಾರೆ, ಕಾಯಿಲೆ ಎಷ್ಟು ಉಳಿದಿದೆ ಅಂತ ತೋರಿಸುವುದು ಅದೇ. ದುಬಾರಿ ಅಂತ ಮುಂದೂಡಬೇಡಿ, ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಅದರ ಅಂಕಿ ಮೂರು ತಿಂಗಳಿಗೆ 10%, ಆರು ತಿಂಗಳಿಗೆ 1%, ವರ್ಷಕ್ಕೆ 0.1% ಅಥವಾ ಅದಕ್ಕಿಂತ ಕಡಿಮೆ ಬರಬೇಕು ಅನ್ನುವುದು ಗುರಿ. ಅಷ್ಟು ಇಳಿಯದಿದ್ದರೆ ಡಾಕ್ಟರು ಮೊದಲು ಕೇಳುವುದು 'ಮಾತ್ರೆ ತಪ್ಪಿತಾ' ಅಂತ. ತಪ್ಪಿದ್ದರೆ ನಿಜ ಹೇಳಲು ಅಮ್ಮನಿಗೆ ಧೈರ್ಯ ಕೊಡಿ, ಬೈಯಬೇಡಿ. ತಪ್ಪಿಲ್ಲ ಅಂತಾದರೆ ಅವರು ಜೀನ್ ಪರೀಕ್ಷೆ ಮಾಡಿಸಿ ಡಾಸಾಟಿನಿಬ್, ನಿಲೋಟಿನಿಬ್ ಥರದ ಬೇರೆ ಮಾತ್ರೆಗೆ ಬದಲಿಸಬಹುದು. ಹಾಗೆ ಬದಲಾದರೆ ತಗೊಳ್ಳುವ ಕ್ರಮವನ್ನು ಹೊಸದಾಗಿ ಕೇಳಿಕೊಳ್ಳಿ. ನಿಲೋಟಿನಿಬ್ ಕ್ಯಾಪ್ಸೂಲನ್ನು ಊಟದ ಜೊತೆ ತಗೊಳ್ಳಲೇಬಾರದು, ಖಾಲಿ ಹೊಟ್ಟೆಯಲ್ಲೇ ತಗೊಳ್ಳಬೇಕು.