ಮುಷ್ಕರದ ಹೊತ್ತಲ್ಲಿ ಸರ್ಕಾರದ ಪ್ರತಿ ಹೇಳಿಕೆಗೂ ಉತ್ತರ ಕೊಡೋದಾ, ಸುಮ್ನಿರೋದಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನೀರು ಸರಬರಾಜಿನಲ್ಲಿ ಹೊರಗುತ್ತಿಗೆ ವಾಲ್ವ್‌ಮನ್ ಕೆಲಸ, ಮುಂದಿನ ತಿಂಗಳು ರಾಜ್ಯದಾದ್ಯಂತ ಮುಷ್ಕರ, ಸರ್ಕಾರದ ಕಡೆಯವರು ಟಿವಿಯಲ್ಲಿ ದಿನಕ್ಕೊಂದು ಹೇಳುತ್ತಿದ್ದಾರೆ, ಅದಕ್ಕೆಲ್ಲ ತಿರುಗೇಟು ಕೊಡಲು ಒಂದು ಸೋಶಿಯಲ್ ಮೀಡಿಯಾ ತಂಡ ಕಟ್ಟೋದಾ ಅಂತ ಕೇಳಿದ್ದೀರಿ. 2021ರ ಏಪ್ರಿಲ್‌ನಲ್ಲಿ ನಾನು ಅಂಥದ್ದೇ ತಂಡದಲ್ಲಿದ್ದೆ. ದಯವಿಟ್ಟು ಕಟ್ಟಬೇಡಿ.

ನಾನು ಕಂಡಕ್ಟರ್. ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲಿ ಒಂದರಲ್ಲಿ ಕೆಲಸ. 2020ರ ಡಿಸೆಂಬರ್ 11ರಿಂದ ನಾಲ್ಕು ದಿನ ನಾವು ಬಸ್ ನಿಲ್ಲಿಸಿದ್ದೆವು. ನಮ್ಮನ್ನು ಸರ್ಕಾರಿ ನೌಕರರು ಅಂತ ಪರಿಗಣಿಸಿ ಅನ್ನೋದು ಮುಖ್ಯ ಬೇಡಿಕೆ. ಅದೊಂದು ಆಗಲ್ಲ ಅಂದರು, ಉಳಿದ ಒಂಬತ್ತಕ್ಕೆ ಒಪ್ಪಿ ಬರೆದುಕೊಟ್ಟರು. ಆ ಒಂಬತ್ತರಲ್ಲಿ ನಮ್ಮ ಹೊಟ್ಟೆಗೆ ಸಂಬಂಧಪಟ್ಟದ್ದು ಒಂದೇ, ಆರನೇ ವೇತನ ಆಯೋಗದ ಪ್ರಕಾರ ಸಂಬಳ. ಮೂರು ತಿಂಗಳು ಕಳೆದರೂ ಅದು ಅಲ್ಲಾಡಲಿಲ್ಲ. ಏಪ್ರಿಲ್ 7ಕ್ಕೆ ಮತ್ತೆ ಬಸ್ ನಿಂತವು.

ನಮ್ಮ ಡಿಪೋದಲ್ಲಿ ಕನ್ನಡ ಟೈಪಿಂಗ್ ಚೆನ್ನಾಗಿ ಬರುತ್ತಿದ್ದದ್ದು ನನಗೆ. ಹಾಗಾಗಿ ಕರಪತ್ರ, ವಾಟ್ಸ್ಯಾಪ್ ಪೋಸ್ಟರ್ ಎಲ್ಲ ನನ್ನ ತಲೆಗೆ ಬಂತು. ಮಾರ್ಚ್ ಕೊನೆಯಲ್ಲೇ ನಾನೊಂದು ಕರಪತ್ರ ಮಾಡಿಟ್ಟಿದ್ದೆ. ಅದರಲ್ಲಿ ಇದ್ದದ್ದು ನನ್ನದೇ ಪೇ ಸ್ಲಿಪ್‌ನ ಫೋಟೋ. ಕೆಳಗೆ ಒಂದೇ ಸಾಲು: 12 ವರ್ಷ ಸರ್ವಿಸ್, ಎಲ್ಲ ಕಡಿತ ಆಗಿ ಕೈಗೆ 17,860 ರೂಪಾಯಿ. ಅಷ್ಟೇ.

ಅಷ್ಟರಲ್ಲಿ ಸರ್ಕಾರದಿಂದ ಒಂದು ಮಾತು ಹೊರಟಿತು. 'ಒಂಬತ್ತು ಬೇಡಿಕೆಯಲ್ಲಿ ಎಂಟನ್ನು ಈಡೇರಿಸಿದ್ದೇವೆ.' ಟಿವಿ, ಪೇಪರ್, ಎಲ್ಲ ಕಡೆ ಅದೇ. ನಮಗೆ ಮೈ ಉರಿದುಹೋಯಿತು. ಯಾಕಂದ್ರೆ ಕೆಲವಕ್ಕೆ ಆದೇಶ ಆಗಿತ್ತು, ಕೈಗೆ ಏನೂ ಬಂದಿರಲಿಲ್ಲ. ನಾನು ಮುಷ್ಕರದ ಹಿಂದಿನ ರಾತ್ರಿ ಡಿಟಿಪಿ ಅಂಗಡಿಗೆ ಓಡಿದೆ. ಪೇ ಸ್ಲಿಪ್ ತೆಗೆಸಿದೆ. ಅದರ ಜಾಗದಲ್ಲಿ ಒಂಬತ್ತೂ ಬೇಡಿಕೆಗಳ ಪಟ್ಟಿ, ಒಂದೊಂದರ ಮುಂದೆ ಯಾವುದು ಆಗಿದೆ, ಯಾವುದು ಆಗಿಲ್ಲ, ಎಷ್ಟು ಆಗಿದೆ ಅಂತ. ಮೇಲೆ ಕೆಂಪಕ್ಷರದಲ್ಲಿ ಶೀರ್ಷಿಕೆ: '9ರಲ್ಲಿ 8 ಬೇಡಿಕೆ ಈಡೇರಿಲ್ಲ!' ಸಾಲು ಉದ್ದ ಆಯ್ತು, ಕೊನೆ ಪದ ಹಿಡಿಯುತ್ತಿಲ್ಲ ಅಂದ ಅಂಗಡಿ ಹುಡುಗ. ಕೆಳಗೆ ತಳ್ಳಪ್ಪ ಅಂದೆ. 'ಈಡೇರಿಲ್ಲ' ಅನ್ನೋದು ಎರಡನೇ ಸಾಲಿಗೆ, ಸ್ವಲ್ಪ ಚಿಕ್ಕದಾಗಿ ಬಂತು. ಎರಡು ಸಾವಿರ ಪ್ರತಿ. ದುಡ್ಡು ನನ್ನ ಜೇಬಿಂದಲೇ.

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಆವತ್ತು ಇದು ತಪ್ಪು ಅಂತ ನಮ್ಮಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಸುಳ್ಳಿಗೆ ಉತ್ತರ ಕೊಡೋದು ಸರಿಯಾದ ಕೆಲಸ ಅಲ್ವಾ? ಆದರೆ ಗೋಡೆ ಮೇಲಿನ ಕಾಗದವನ್ನು ಜನ ಓದೋದು ಹೇಗೆ ಯೋಚನೆ ಮಾಡಿ. ನಡೆದು ಹೋಗ್ತಾ ಒಂದು ಕಣ್ಣು ಹಾಯಿಸ್ತಾರೆ. ದೊಡ್ಡ ಅಕ್ಷರ, ಅಂಕಿ, ಇಷ್ಟೇ ಕಾಣೋದು. ನಾನು ಕೆಂಪಕ್ಷರದಲ್ಲಿ ಹಾಕಿದ್ದ ಅಂಕಿ ಯಾರದು? ಸರ್ಕಾರದ್ದು. ಅವರ ಅಂಕಿಯನ್ನು ನನ್ನ ದುಡ್ಡಲ್ಲಿ ಅಚ್ಚು ಹಾಕಿಸಿ ಊರೂರಿಗೆ ಅಂಟಿಸಿದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಎಷ್ಟು ಈಡೇರಿದೆ ಅನ್ನೋ ಲೆಕ್ಕಕ್ಕೆ ಇಳಿದ ಮೇಲೆ ವಾದವೆಲ್ಲ ಅಂತರ ನಿಗಮ ವರ್ಗಾವಣೆ, ತರಬೇತಿ ಅವಧಿ, ಆರೋಗ್ಯ ವಿಮೆ ಇವುಗಳ ಸುತ್ತಲೇ ಸುತ್ತಿತು. ಟ್ರೈನಿ ಅವಧಿ ಎರಡು ವರ್ಷದಿಂದ ಒಂದು ವರ್ಷಕ್ಕೆ ಇಳಿದರೆ ಪ್ರಯಾಣಿಕರಿಗೆ ಏನಾಗಬೇಕು? ಒಂದು ಕಾಲು ಆಗಿದೆ, ಅರ್ಧ ಆಗಿದೆ ಅಂತ ನಾವು ಚೌಕಾಸಿ ಮಾಡುತ್ತಾ ಕೂತೆವು. 17,860 ಎಲ್ಲಿ ಹೋಯ್ತು? ಆ ಹದಿನೈದು ದಿನದಲ್ಲಿ ನಮ್ಮ ಸಂಬಳ ಎಷ್ಟು ಅಂತ ನಾವು ಯಾರಿಗೂ ಹೇಳಲಿಲ್ಲ.

ಮುಂದಿನ ದಿನಗಳೂ ಹೀಗೇ. 8% ಹೆಚ್ಚಳ ಕೊಡ್ತೀವಿ ಅಂದರು, ನಾವು 8% ಯಾಕೆ ಸಾಲದು ಅಂತ ಬರೆದೆವು. ಲಾಕ್‌ಡೌನ್‌ನಲ್ಲಿ ಬಸ್ ಓಡದಿದ್ದರೂ ಸಂಬಳ ಕೊಟ್ಟೆವು ಅಂದರು, ಅದಕ್ಕೊಂದು ಪೋಸ್ಟರ್. ಮುಷ್ಕರ ನಡೆಸುತ್ತಿದ್ದ ನಮ್ಮ ಸಾರಿಗೆ ನೌಕರರ ಕೂಟದ ಗೌರವಾಧ್ಯಕ್ಷರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್, ರೈತ ನಾಯಕರಿಗೂ ಬಸ್ಸಿಗೂ ಏನು ಸಂಬಂಧ ಅಂದರು, ಅದಕ್ಕೂ ಉತ್ತರ. ಅವರು ಬೆಳಗ್ಗೆ ಒಂದು ಹೇಳುತ್ತಿದ್ದರು, ನಾವು ರಾತ್ರಿ ಹನ್ನೊಂದಕ್ಕೆ ಉತ್ತರ ಕಳಿಸುತ್ತಿದ್ದೆವು, ಅದೂ ನಮ್ಮ ನಮ್ಮ ಗ್ರೂಪ್‌ಗಳಿಗೇ. ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ ನಿಂತಿದ್ದವು. ಮಾರ್ಚ್ ಸಂಬಳ ತಡೆದರು. ಯುಗಾದಿ ಹಿಂದಿನ ದಿನ ನನ್ನ ಹೆಂಡತಿ ಬೇರೆ ಮನೆಯವರ ಜೊತೆ ತಟ್ಟೆ ಲೋಟ ಬಡಿಯುತ್ತಾ ಬೀದಿಯಲ್ಲಿ ಕೂತಿದ್ದಳು. ಕೊರೊನಾ ಎರಡನೇ ಅಲೆ ಏರುತ್ತಿತ್ತು. ಹೈಕೋರ್ಟ್ ಹೇಳಿದ ಮೇಲೆ 21ಕ್ಕೆ ಮುಷ್ಕರ ನಿಂತಿತು.

ಮರುದಿನ ನನ್ನದು ನೈಟ್ ಹಾಲ್ಟ್ ಬಸ್ಸು. ಬೆಳಗ್ಗೆ ಆರೂಕಾಲರ ಮೊದಲ ಟ್ರಿಪ್‌ಗೆ ಆ ಊರಿಂದ ಒಬ್ಬರು ಅಕ್ಕ ಹತ್ತುತ್ತಾರೆ. ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್, ನಿಮ್ಮ ಹಾಗೇ ಹೊರಗುತ್ತಿಗೆ. ಆರು ವರ್ಷದಿಂದ ಪರಿಚಯ. ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡಿ ಅನ್ನುತ್ತಿದ್ದೆ, ತಪ್ಪದೆ ಕೊಡುತ್ತಿದ್ದರು. ಆವತ್ತು ಟಿಕೆಟ್ ತಗೊಂಡು ನನ್ನ ಮುಖ ನೋಡದೆ ಕೇಳಿದರು. "ಒಂಬತ್ತರಲ್ಲಿ ಎಂಟು ಕೊಟ್ಟಿದ್ರಂತಲ್ಲ ಅಣ್ಣ. ಒಂದಕ್ಕೋಸ್ಕರ ನಮ್ಮನ್ನ ಹದಿನೈದು ದಿನ ರಸ್ತೇಲಿ ನಿಲ್ಸಿದ್ರಾ?"

ಟಿವಿಯಲ್ಲಿ ಹೇಳಿದ್ದಾ ಅಂತ ಕೇಳಿದೆ.

"ನಿಮ್ದೇ ಪೇಪರ್ ಅಲ್ವಾ, ನಮ್ಮ ಸ್ಟಾಪ್ ಗೋಡೆಗೆ ಅಂಟ್ಸಿದ್ರಿ."

ಸಂಜೆ ವಾಪಸ್ ಹೋದಾಗ ನೋಡಿದೆ. ಕೆಂಪಕ್ಷರದಲ್ಲಿ '9ರಲ್ಲಿ 8 ಬೇಡಿಕೆ'. ಕೆಳಗಿನ ಸಾಲಿನ ಚಿಕ್ಕ ಪದ ಹತ್ತಿರ ಹೋಗಿ ನಿಂತರೆ ಕಾಣುತ್ತಿತ್ತು. ಮುಂದೆ ಸಿಕ್ಕಾಗ ಆ ಅಕ್ಕನಿಗೆ ಫೋನ್‌ನಲ್ಲಿ ನನ್ನ ಪೇ ಸ್ಲಿಪ್ ತೋರಿಸಿದೆ. ಎರಡು ಸಲ ನೋಡಿದರು. "ಇಷ್ಟೇನಾ? ನಾನು ನಿಮ್ಗೆ ನಲ್ವತ್ತು ಸಾವ್ರ ಅಂದ್ಕೊಂಡಿದ್ದೆ" ಅಂದರು. ಆರು ವರ್ಷ ದಿನಾ ನೋಡುತ್ತಿದ್ದವರಿಗೆ ಗೊತ್ತಿರಲಿಲ್ಲ. ಏಪ್ರಿಲ್ 27ರ ರಾತ್ರಿಯಿಂದ ಲಾಕ್‌ಡೌನ್ ಆಯ್ತು, ಆಮೇಲೆ ನನಗೆ 140 ಕಿ.ಮೀ. ದೂರದ ಡಿಪೋಗೆ ವರ್ಗಾವಣೆ. ಆ ಅಕ್ಕನನ್ನು ಮತ್ತೆ ನೋಡಿಲ್ಲ.

ಹಾಗಾಗಿ ಸರ್ಕಾರಕ್ಕೆ ಉತ್ತರ ಕೊಡೋದಾ ಸುಮ್ನಿರೋದಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅವರು ಬಾಯಿ ಬಿಡೋ ಮೊದಲೇ ನಿಮ್ಮ ಅಂಕಿ ಜನರಿಗೆ ಗೊತ್ತಿತ್ತಾ ಅನ್ನೋದು ಪ್ರಶ್ನೆ. ನಿಮ್ಮ ಹತ್ತಿರ ನಮಗಿಂತ ಗಟ್ಟಿಯಾದ ಅಂಕಿ ಇದೆ. ಟೆಂಡರ್ ಪ್ರಕಾರ ಒಬ್ಬ ವಾಲ್ವ್‌ಮನ್‌ಗೆ ಏಜೆನ್ಸಿ ತಿಂಗಳಿಗೆ ಎಷ್ಟು ಬಿಲ್ ಮಾಡುತ್ತದೆ, ನಿಮ್ಮ ಖಾತೆಗೆ ಎಷ್ಟು ಬೀಳುತ್ತದೆ. ಮೊದಲನೆಯದು ಗೊತ್ತಿಲ್ಲದಿದ್ದರೆ ನಾಳೆಯೇ ಆರ್‌ಟಿಐ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ ಇರುತ್ತದೆ, ನಿಮಗಿರೋದು ಒಂದೇ ತಿಂಗಳು, ಅದಕ್ಕೇ ನಾಳೆ ಅಂದೆ. ಎರಡು ಅಂಕಿ ಪಕ್ಕಪಕ್ಕ, ಬೇರೇನೂ ಬೇಡ. ಘೋಷಣೆ ಬೇಡ, ಬೇಡಿಕೆಗಳ ಪಟ್ಟಿಯಂತೂ ಬೇಡವೇ ಬೇಡ.

ಅದನ್ನು ಫೇಸ್‌ಬುಕ್‌ಗೆ ಹಾಕೋ ಮೊದಲು ನೀವು ನೀರು ಬಿಡೋ ಬೀದಿಗಳಲ್ಲಿ ಹೇಳಿ. ಯಾವ ಮನೆಯಲ್ಲಿ ಸಂಪ್ ಇದೆ, ಯಾರು ಬಿಂದಿಗೆ ಹಿಡಿದು ಕಾಯುತ್ತಾರೆ ಅನ್ನೋದು ನಿಮಗೆ ಗೊತ್ತು, ಯಾವ ಮಂತ್ರಿಗೂ ಗೊತ್ತಿಲ್ಲ. ಮುಷ್ಕರದ ದಿನ ಆಸ್ಪತ್ರೆ ಲೈನ್‌ಗೆ ನೀರು ಬಿಡುತ್ತೇವೆ ಅಂತ ನೀವೇ ಮೊದಲು ಘೋಷಿಸಿ. ನೋಟಿಸ್ ಕೊಡದೆ ಮಾತ್ರ ಇಳಿಯಬೇಡಿ, ನೀರು ಅಗತ್ಯ ಸೇವೆ, ಎಸ್ಮಾ, ಅಂದರೆ ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸಬಹುದಾದ ಕಾಯ್ದೆ, ಅದರ ಮಾತು ಬಂದೇ ಬರುತ್ತದೆ.

ಅಂಕಿ ನಮ್ಮದಾದರೆ ಏನಾಗುತ್ತದೆ ಅಂತ 2025ರಲ್ಲಿ ನೋಡಿದೆ. ಆಗಸ್ಟ್ 5ರ ಮುಷ್ಕರಕ್ಕೆ ನಮ್ಮವರು ಮುಂದಿಟ್ಟದ್ದು ಸಂಬಳ ಪರಿಷ್ಕರಣೆಯ 38 ತಿಂಗಳ ಹಿಂಬಾಕಿ. ಬಸ್ಸಿನಲ್ಲಿ ಜನ ತಾವಾಗೇ ಕೇಳುತ್ತಿದ್ದರು, ಮೂವತ್ತೆಂಟು ತಿಂಗಳದ್ದು ಕೊಟ್ಟಿಲ್ವಂತೆ ಹೌದಾ ಅಂತ. ಸರ್ಕಾರ 14 ತಿಂಗಳದ್ದು ಕೊಡ್ತೀವಿ ಅಂತ ಹೇಳಬೇಕಾಯಿತು, ಅಂದರೆ ಅವರು ನಮ್ಮ ಲೆಕ್ಕದೊಳಗೆ ಮಾತಾಡಿದರು. ಕೋರ್ಟ್ ತಡೆ ಬಂತು, ಮುಷ್ಕರ ಅದೇ ದಿನ ನಿಂತಿತು, ಗೆದ್ದೆವು ಅಂತ ನಾನು ಹೇಳಲ್ಲ. ಆದರೆ ಆ ಸಲ ಒಬ್ಬ ಪ್ರಯಾಣಿಕರೂ ನನ್ನನ್ನು ಮುಖ ತಿರುಗಿಸಿ ಮಾತಾಡಿಸಲಿಲ್ಲ.

ಜನರ ಒಲವೊಂದೇ ಸಾಕು ಅಂತಲೂ ನಂಬಬೇಡಿ. 2023ರ ಮಾರ್ಚ್ 1ಕ್ಕೆ ಸರ್ಕಾರಿ ನೌಕರರು ಮುಷ್ಕರ ಶುರು ಮಾಡಿದರು, ಅದೇ ದಿನ 17% ಮಧ್ಯಂತರ ಹೆಚ್ಚಳ ಸಿಕ್ಕಿತು. ವಿಧಾನಸಭೆ ಚುನಾವಣೆ ಎರಡೇ ತಿಂಗಳು ದೂರ ಇತ್ತು. ದಿನಾಂಕ ಆರಿಸುವಾಗ ನಿಮ್ಮ ಮುಖಂಡರು ಇದನ್ನು ನೋಡಲಿ. 2021ರಲ್ಲಿ ನಾವು ಹಬ್ಬ ಮತ್ತು ಕೊರೊನಾ ಎರಡರ ಮಧ್ಯೆ ಇಳಿದಿದ್ದೆವು.

ಕರಪತ್ರ ಟೈಪ್ ಮಾಡಿಸಿದ ಮೇಲೆ ಅಚ್ಚಿಗೆ ಕೊಡೋ ಮೊದಲು ನನಗೆ ಒಂದು ಫೋಟೋ ಕಳಿಸಿ. ಭಾನುವಾರ ನನಗೆ ವಾರದ ರಜೆ. ಗೋಡೆಗೆ ಅಂಟಿಸಿ ಹತ್ತು ಅಡಿ ದೂರ ನಿಂತು ತೆಗೆದ ಫೋಟೋ ಆಗಲಿ.