ರೇಷ್ಮೆ ಗೂಡಿನ ದರ ಇಳಿದರೆ ನೂಲಿನ ಗುಣಮಟ್ಟಕ್ಕೆ ದುಡ್ಡು ಹಾಕಬಹುದೇ?

ಶಿಡ್ಲಘಟ್ಟದ ಓದುಗರೊಬ್ಬರ ಪತ್ರ: "ನನ್ನದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಮಲ್ಟಿಎಂಡ್ ಘಟಕ. ಪಕ್ಕದಲ್ಲೇ ಆಟೊಮ್ಯಾಟಿಕ್ ರೀಲಿಂಗ್ ಮಷೀನ್ ಬಂದಿದೆ. ಈಗ ಗೂಡಿನ ದರ ಇಳಿದಿದೆ. ಉಳಿದ ದುಡ್ಡನ್ನು ನೂಲಿನ ಗುಣಮಟ್ಟಕ್ಕೆ ಹಾಕಬಹುದೇ?"

ಸಂಪಾದಕರ ಉತ್ತರ: ಆ ದುಡ್ಡು ನಿಮ್ಮ ಕೈಯಲ್ಲಿ ಉಳಿಯುತ್ತದೆಯೇ, ಮೊದಲು ನೋಡಿ. ಗೂಡು ಅಗ್ಗವಾದದ್ದು ಪಕ್ಕದವರಿಗೂ ಹೌದು. ಪೈಪೋಟಿಯಲ್ಲಿ ಇಬ್ಬರೂ ನೂಲಿನ ದರ ಇಳಿಸುತ್ತೀರಿ, ಉಳಿತಾಯವೆಲ್ಲ ನೇಯುವವರ ಪಾಲಾಗುತ್ತದೆ. ಗುಣಮಟ್ಟಕ್ಕೆ ಹಾಕಿದ ಹಣ ವಾಪಸು ಬರುವುದು, ಅದರಿಂದಾಗಿ ಹೆಚ್ಚು ಮಾರಾಟವಾದ ಪ್ರತಿ ಕೆ.ಜಿ.ಯ ಲಾಭದಲ್ಲಿ. ಆ ಲಾಭ ಬೆಳೆಯಬೇಕಾದರೆ ನಿಮ್ಮ ಖರ್ಚು ಪಕ್ಕದವರ ಖರ್ಚಿಗಿಂತ ಇಳಿಯಬೇಕು.

ಹಾಗಾಗಿ ರೆಂಡಿಟ್ಟಾದಿಂದ, ಅಂದರೆ ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕೆಂಬ ಲೆಕ್ಕದಿಂದ, ಶುರು ಮಾಡಿ. ಮಿಶ್ರತಳಿ ಗೂಡು ಕೆ.ಜಿ.ಗೆ 500 ರೂಪಾಯಿ, ರೆಂಡಿಟ್ಟಾ 8 ಎಂದಿಟ್ಟುಕೊಳ್ಳಿ: ಒಂದು ಕೆ.ಜಿ. ನೂಲಿನಲ್ಲಿ ಗೂಡಿನ ಖರ್ಚೇ 4,000. ಅದು 7.5ಕ್ಕೆ ಬಂದರೆ 250 ರೂಪಾಯಿ ನಿಮಗೊಬ್ಬರಿಗೇ ಉಳಿಯಿತು. ಈ ಉಳಿತಾಯ ತಪ್ಪಿಹೋಗುವುದು ಹೆಚ್ಚಾಗಿ, ಎಳೆಯ ಅಂಟು ಮೆತ್ತಗಾಗಲೆಂದು ಗೂಡು ಬೇಯಿಸುವಲ್ಲಿ. ಗೂಡು ಹೆಚ್ಚು ಬೆಂದರೆ ಎಳೆ ಹುಡುಕುವಾಗಲೇ ಮೇಲ್ಪದರ ಕಿತ್ತು ಬಂದು ವೇಸ್ಟ್ ಸೇರುತ್ತದೆ. ಕಡಿಮೆ ಬೆಂದರೆ ಅಂಟು ಬಿಡದೆ ಎಳೆ ಪದೇ ಪದೇ ತುಂಡಾಗುತ್ತದೆ. ಗಡಸು ನೀರಿನಲ್ಲಂತೂ ಅಂಟು ಸಮನಾಗಿ ಮೆತ್ತಗಾಗುವುದಿಲ್ಲ. ಜೋಡಿ ಗೂಡು, ಕಲೆಯಾದದ್ದು, ತೂತು ಬಿದ್ದದ್ದು ಬೇಯಿಸುವ ಮುಂಚೆಯೇ ಬೇರೆಯಾಗಬೇಕು. ಈ ಕೆಲಸಗಳಿಂದ ಖರ್ಚು ಇಳಿಯುವ ಜೊತೆಗೆ ನೂಲೂ ಸುಧಾರಿಸುತ್ತದೆ; ಅದಕ್ಕೇ ಇವು ಮೊದಲು.

ದ್ವಿತಳಿ (ಬೈವೋಲ್ಟೈನ್) ಗೂಡು ದುಬಾರಿ ಎಂದು ಹರಾಜಿನಲ್ಲಿ ಹಿಂದೆ ಸರಿಯಬೇಡಿ. ದರವನ್ನು ರೆಂಡಿಟ್ಟಾದಿಂದ ಗುಣಿಸಿ ನೋಡಿ. 600 ರೂಪಾಯಿಯ ದ್ವಿತಳಿ 6.5 ರೆಂಡಿಟ್ಟಾ ಕೊಟ್ಟರೆ 3,900. ಮೇಲಿನ ಮಿಶ್ರತಳಿಗಿಂತ ಅಗ್ಗವೇ ಆಯಿತು.

ಆಟೊಮ್ಯಾಟಿಕ್ ಮಷೀನಿನ ವಿಚಾರ ಬೇರೆ. ಗೂಡು ಬರಲಿ ಬಿಡಲಿ, ಅದರ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ. ಹೆಚ್ಚು ಕೆ.ಜಿ. ತೆಗೆಯುವವರಿಗೆ ಆ ಭಾರ ಹಂಚಿಹೋಗುತ್ತದೆ, ಸಣ್ಣ ಘಟಕಕ್ಕೆ ಹಂಚಿಹೋಗುವುದಿಲ್ಲ. ಪಕ್ಕದವರನ್ನು ನೋಡಿ ಸಾಲಕ್ಕೆ ಇಳಿಯಬೇಡಿ ಎಂದೇ ನಮ್ಮ ಸಲಹೆ.

ಇನ್ನು ನೂಲಿನ ಸಮತೆ. 8 ಗೂಡುಗಳಿಂದ 21 ಡೀನಿಯರ್ (ನೂಲಿನ ದಪ್ಪದ ಅಳತೆ) ನೂಲು ಬರುತ್ತಿದೆ ಎನ್ನಿ. ಒಂದು ಗೂಡು ಮುಗಿದು ಹೊಸ ಎಳೆ ಸೇರಿಸುವುದು ತಡವಾದರೆ ನೂಲು 18ರ ಆಸುಪಾಸಿಗೆ ತೆಳ್ಳಗಾಗುತ್ತದೆ. ಪವರ್‌ಲೂಮ್ ಹಾಸಿನಲ್ಲಿ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿನಲ್ಲಿ) ಕಿತ್ತುಹೋಗುವುದು ಅಂಥ ಜಾಗದಲ್ಲೇ. ಆಟೊಮ್ಯಾಟಿಕ್ ಮಷೀನು ಇದನ್ನು ತಾನೇ ಗುರುತಿಸುತ್ತದೆ, ನಿಮ್ಮಲ್ಲಿ ಕೆಲಸಗಾರರ ಕಣ್ಣೇ ಗುರುತಿಸಬೇಕು. ಒಬ್ಬೊಬ್ಬರು ನೋಡಿಕೊಳ್ಳುವ ಎಂಡ್‌ಗಳನ್ನು (ಒಟ್ಟಿಗೆ ಸುತ್ತುವ ನೂಲುಗಳನ್ನು) ಕಡಿಮೆ ಮಾಡಿದರೆ ಸಮತೆ ಖಂಡಿತ ಬರುತ್ತದೆ, ಆದರೆ ಪ್ರತಿ ಕೆ.ಜಿ.ಗೂ ಕೂಲಿ ಏರುತ್ತದೆ. ಹಾಸಿನ ನೂಲಿಗೆ ಹೆಚ್ಚು ದರ ಒಪ್ಪಿದವರ ಸರಕಿಗಷ್ಟೇ ಹಾಗೆ ಮಾಡಿ. ಹೊಕ್ಕಿಗೆ (ಅಡ್ಡ ನೇಯ್ಗೆಗೆ) ಹೋಗುವ ನೂಲಿಗೆ ಆ ಕೂಲಿ ಹುಟ್ಟುವುದಿಲ್ಲ.